ಲೈಸೆನ್ಸ್ ಬೇಡದ ತರಂಗಗಳ ಸಂತೆ

ಶಿವಾಜಿನಗರದ ರಸೆಲ್ ಮಾರುಕಟ್ಟೆ ವಿಧ್ಯುಕ್ತವಾಗಿ ಉದ್ಘಾಟನೆಯಾದದ್ದು 1933ರಲ್ಲಿ. ದಂಡು ಪ್ರದೇಶದ ಅಂದಿನ ಮುನಿಸಿಪಲ್ ಕಮಿಷನರ್ ಟಿ. ಬಿ. ರಸೆಲ್ ಅವರ ಹೆಸರು ಹೊತ್ತ ಈ ಕಟ್ಟಡ ಹಣ್ಣು, ತರಕಾರಿ, ಮಾಂಸ, ಮೀನಿನ ವ್ಯಾಪಾರವನ್ನು ಒಂದೇ ಸೂರಿನಡಿ ತಂದಿತು. ಅದೇ ವರ್ಷ ಬ್ರಿಟಿಷ್ ಭಾರತದಲ್ಲಿ ಆಕಾಶದ ತರಂಗಗಳಿಗೂ ಒಂದು ಕಟ್ಟುಪಾಡು ಬಂತು. 1933ರ ನಿಸ್ತಂತು ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದೇ ಅಪರಾಧವಾಯಿತು. ಮನೆಯ ರೇಡಿಯೋಗಾಗಿ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟುವ ಪದ್ಧತಿ 1980ರ ದಶಕದವರೆಗೂ ಉಳಿದಿತ್ತು.

ಇಂದು ಮನೆಮನೆಯಲ್ಲಿರುವ ವೈ-ಫೈ ರೂಟರ್ ಬರೀ ಕೇಳುವ ರೇಡಿಯೋ ಅಲ್ಲ, ತಾನೇ ತರಂಗ ಬಿತ್ತರಿಸುವ ಪುಟ್ಟ ನಿಲಯ. ಆದರೂ ಅದಕ್ಕೆ ಯಾರೂ ಲೈಸೆನ್ಸ್ ಕೇಳುವುದಿಲ್ಲ. 1985ರಲ್ಲಿ ಅಮೆರಿಕ ಕೆಲವು ತರಂಗಾಂತರಗಳನ್ನು ಇಂಥ ಬಳಕೆಗೆ ಮುಕ್ತಗೊಳಿಸಿತು. 1997ರಲ್ಲಿ ಇದಕ್ಕೊಂದು ತಾಂತ್ರಿಕ ಮಾನದಂಡ ಸಿದ್ಧವಾಯಿತು. 1999ರಲ್ಲಿ ವೈ-ಫೈ ಎಂಬ ಹೆಸರು ಬಂತು. ಭಾರತ 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಮನೆಯ ಒಳಗೂ ಹೊರಗೂ ಲೈಸೆನ್ಸ್‌ಮುಕ್ತಗೊಳಿಸಿತು. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯನ್ನು ಇನ್ನಷ್ಟು ವಿಶಾಲವಾಗಿ ತೆರೆಯಿತು.

ಮಾರುಕಟ್ಟೆಯ ಹೋಲಿಕೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಮೊಬೈಲ್ ಕಂಪನಿಗಳು ಹರಾಜಿನಲ್ಲಿ ಕೊಂಡ ತರಂಗಾಂತರ, ಬಾಡಿಗೆ ತೆತ್ತು ಹಿಡಿದ ಮಳಿಗೆಯಂತೆ. ಅಲ್ಲಿ ಬೇರೆಯವರು ಕೂರುವಂತಿಲ್ಲ. 2.4 ಗಿಗಾಹರ್ಟ್ಸ್ ಎಂಬುದು ಬಯಲ ಸಂತೆ. ಬಾಡಿಗೆ ಇಲ್ಲ, ಆದ್ದರಿಂದಲೇ ನೂಕುನುಗ್ಗಲು. ಇಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6 ಮತ್ತು 11. ರೂಟರ್ ಮಾತಾಡುವ ಮೊದಲು ಕಿವಿಗೊಡುತ್ತದೆ. ನೆರೆಮನೆಯ ರೂಟರ್ ಮಾತಾಡುತ್ತಿದ್ದರೆ ಕಾಯುತ್ತದೆ. ಗೋಡೆಗೆ ಗೋಡೆ ತಾಗಿದ ಗಲ್ಲಿಗಳಲ್ಲಿ ಸಿಗ್ನಲ್ ಪೂರ್ತಿ ತೋರಿದರೂ ವೇಗ ಕುಸಿಯುವುದು ಇದರಿಂದ. ಎಲ್ಲರೂ ದನಿ ಏರಿಸಿದರೆ ಯಾರ ಕೂಗೂ ಕೇಳಿಸದು. ಹಾಗಾಗಿ ಹೆಚ್ಚು ಆಂಟೆನಾಗಳ ದುಬಾರಿ ಪೆಟ್ಟಿಗೆಯೇ ಪರಿಹಾರವಲ್ಲ.

ಕೊಳ್ಳುವಾಗ ಎರಡೂ ಪಟ್ಟಿಗಳಲ್ಲಿ ಕೆಲಸ ಮಾಡುವ ರೂಟರ್ ಆರಿಸುವುದು ಮೇಲು. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳು ಹೆಚ್ಚು. ಆದರೆ ಅದರ ತರಂಗ ಗೋಡೆಗಳಲ್ಲಿ ಬೇಗ ಸೊರಗುತ್ತದೆ. ಒಂದೇ ಕೋಣೆಯ ಟಿ.ವಿ., ಕಂಪ್ಯೂಟರಿಗೆ ಅದು ಸಾಕು. ದೂರದ ಕೋಣೆಗೆ 2.4 ಇರಲಿ. ರೂಟರನ್ನು ಮನೆಯ ನಡುವೆ, ತುಸು ಎತ್ತರದಲ್ಲಿ ಇಡಬೇಕು. ಉಕ್ಕಿನ ಬೀರುವಿನ ಹಿಂದೆ ಬೇಡ, 2.4ರ ಸುತ್ತಲಲ್ಲೇ ಕೆಲಸ ಮಾಡುವ ಮೈಕ್ರೋವೇವ್ ಒಲೆಯ ಪಕ್ಕದಲ್ಲೂ ಬೇಡ. ಉದ್ದನೆಯ ಮನೆಯಾದರೆ ತಂತಿ ಎಳೆದು ಇನ್ನೊಂದು ಸಣ್ಣ ಪೆಟ್ಟಿಗೆ ಇಡುವುದು ಲೇಸು.

ಬೀಗದ ವಿಚಾರ ಮರೆಯುವಂತಿಲ್ಲ. ವೆಪ್ ಎಂಬ ಮೊದಲ ಗೂಢಲಿಪಿ ವಿಧಾನದ ಟೊಳ್ಳುತನ 2001ರಲ್ಲೇ ಬಯಲಾಯಿತು. ಡಬ್ಲ್ಯುಪಿಎ-2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ-3 ಆರಿಸಿ, ಕಂಪನಿ ಕೊಟ್ಟ ಪಾಸ್‌ವರ್ಡ್‌ಗಳನ್ನು ಮೊದಲ ದಿನವೇ ಬದಲಿಸಬೇಕು.

1933ರ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಅಂಗೀಕರಿಸಿತು. ಲೈಸೆನ್ಸಿನ ಕಾಲದಲ್ಲಿ ಸರ್ಕಾರ ಕಾಯುತ್ತಿದ್ದ ಶಿಸ್ತನ್ನು ಈ ಬಯಲಿನಲ್ಲಿ ಬಹುಮಟ್ಟಿಗೆ ಬಳಸುವವರೇ ಕಾಯಬೇಕಾಗಿದೆ. ಮನೆಗೆ ಬೇಕಾದಷ್ಟೇ ಶಕ್ತಿ, ಖಾಲಿ ಇರುವ ಚಾನೆಲ್, ಗಟ್ಟಿಯಾದ ಬೀಗ, ಇವು ನೆರೆಮನೆಗೂ ಉಪಕಾರ.