ಅಮೆರಿಕದಲ್ಲಿ ‘ಮ್ಯಾಗಜಿನ್ ನಿಷೇಧ’ ಎಂದರೆ ಬಂದೂಕು ಕಸಿದುಕೊಳ್ಳುವುದೇ? ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ಅಮೆರಿಕದಲ್ಲಿ ಶಾಲೆ, ಮಾಲ್ ಅಥವಾ ಸಂಗೀತ ಕಾರ್ಯಕ್ರಮದಲ್ಲಿ ಗುಂಡಿನ ದಾಳಿ ನಡೆದಾಗಲೆಲ್ಲ ‘ಹೈ ಕೆಪಾಸಿಟಿ ಮ್ಯಾಗಜಿನ್’ ಎಂಬ ಮಾತು ಸುದ್ದಿಯಲ್ಲಿ ಕೇಳಿಬರುತ್ತದೆ. ಅದರ ಬೆನ್ನಿಗೇ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಹರಿದಾಡುತ್ತವೆ. ‘ಇದೊಂದನ್ನು ನಿಷೇಧಿಸಿದರೆ ಹತ್ಯಾಕಾಂಡ ನಿಲ್ಲುತ್ತದೆ’ ಎನ್ನುತ್ತದೆ ಒಂದು. ‘ನಿಷೇಧದಿಂದ ನಯಾಪೈಸೆ ಪ್ರಯೋಜನವಿಲ್ಲ’ ಎನ್ನುತ್ತದೆ ಇನ್ನೊಂದು. ಮಕ್ಕಳು, ಮೊಮ್ಮಕ್ಕಳು ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಇವನ್ನು ಆತಂಕದಿಂದಲೇ ಓದುತ್ತಾರೆ. ಹಾಗಾದರೆ ನಿಜವೇನು? ಒಂದೊಂದಾಗಿ ನೋಡೋಣ.

ಮ್ಯಾಗಜಿನ್ ಎಂದರೇನು?

ಇದು ಓದುವ ಪತ್ರಿಕೆಯಲ್ಲ. ಬಂದೂಕಿಗೆ ಸಿಕ್ಕಿಸುವ, ಗುಂಡು ತುಂಬಿದ ಡಬ್ಬಿ. ಒಳಗಿನ ಸ್ಪ್ರಿಂಗ್ ಒಂದಾದ ಮೇಲೊಂದು ಗುಂಡನ್ನು ಮೇಲಕ್ಕೆ ತಳ್ಳುತ್ತದೆ. ಡಬ್ಬಿ ಖಾಲಿಯಾದರೆ ಅದನ್ನು ತೆಗೆದು ಬೇರೆಯದನ್ನು ಹಾಕಬೇಕು. ಅಮೆರಿಕದ ಹಲವು ಕಾನೂನುಗಳ ಪ್ರಕಾರ 10ಕ್ಕಿಂತ ಹೆಚ್ಚು ಗುಂಡು ಹಿಡಿಯುವುದು ‘ಹೆಚ್ಚು ಸಾಮರ್ಥ್ಯ’ದ ಮ್ಯಾಗಜಿನ್. ಕೊಲೊರಾಡೊದಲ್ಲಿ ಈ ಮಿತಿ 15.

ಹೆಸರಿನ ಬಗ್ಗೆಯೂ ಜಗಳವಿದೆ. ಎಆರ್-15 ರೈಫಲ್ ಜೊತೆ ಸಾಮಾನ್ಯವಾಗಿ ಬರುವುದೇ 30 ಗುಂಡಿನ ಮ್ಯಾಗಜಿನ್. ಹಾಗಾಗಿ ಬಂದೂಕು ಬೆಂಬಲಿಗರು ಅದನ್ನು ‘ಸ್ಟ್ಯಾಂಡರ್ಡ್’ ಎನ್ನುತ್ತಾರೆ. ಸುದ್ದಿಯೊಂದು ಯಾವ ಪದ ಬಳಸಿದೆ ಎಂಬುದರಿಂದಲೇ ಅದರ ಒಲವು ಎತ್ತ ಎಂದು ಕೆಲವೊಮ್ಮೆ ಊಹಿಸಬಹುದು.

ಹೇಳಿಕೆ 1: ‘ಮ್ಯಾಗಜಿನ್ ನಿಷೇಧ ಎಂದರೆ ಬಂದೂಕು ನಿಷೇಧ’

ತಪ್ಪು. ಮಿತಿ ಇರುವುದು ಡಬ್ಬಿಯ ಗಾತ್ರಕ್ಕೆ. ಅದೇ ಬಂದೂಕನ್ನು 10 ಗುಂಡಿನ ಮ್ಯಾಗಜಿನ್ ಹಾಕಿ ಬಳಸಬಹುದು. 1994ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾನೂನು ಕೆಲವು ಬಗೆಯ ಬಂದೂಕುಗಳನ್ನೂ ನಿಷೇಧಿಸಿತ್ತು, ನಿಜ. ಆದರೆ ಅದಕ್ಕೂ ಮೊದಲೇ ತಯಾರಾಗಿದ್ದ ದೊಡ್ಡ ಮ್ಯಾಗಜಿನ್‌ಗಳನ್ನು ಇಟ್ಟುಕೊಳ್ಳಲು, ಮಾರಲು ಅವಕಾಶವಿತ್ತು. ಹತ್ತು ವರ್ಷದ ಆ ಕಾನೂನನ್ನು ಸಂಸತ್ತು ಮುಂದುವರಿಸಲಿಲ್ಲ. 2004ರಲ್ಲಿ ಅದು ಕೊನೆಗೊಂಡಿತು. ಈಗ ಇಡೀ ದೇಶಕ್ಕೆ ಅನ್ವಯಿಸುವ ಮಿತಿ ಇಲ್ಲ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್ ಸೇರಿದಂತೆ ಹತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಅವುಗಳದೇ ಕಾನೂನುಗಳಿವೆ.

ಹೇಳಿಕೆ 2: ‘ಮ್ಯಾಗಜಿನ್ ಗಾತ್ರದಿಂದ ಯಾವ ವ್ಯತ್ಯಾಸವೂ ಆಗದು’

ಇದನ್ನು ಒಪ್ಪುವುದು ಕಷ್ಟ. 2011ರ ಜನವರಿಯಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಅವರ ಸಭೆಯ ಮೇಲೆ ದಾಳಿ ನಡೆಯಿತು. ಪಿಸ್ತೂಲಿನಲ್ಲಿದ್ದುದು 33 ಗುಂಡಿನ ಮ್ಯಾಗಜಿನ್. ಆರು ಮಂದಿ ಸತ್ತರು. ದಾಳಿಕೋರ ಮ್ಯಾಗಜಿನ್ ಬದಲಿಸಲು ಹೋದಾಗಲೇ ಸುತ್ತಲಿದ್ದವರು ಅವನನ್ನು ಕೆಡವಿ ಹಿಡಿದರು. 2019ರ ಆಗಸ್ಟ್‌ನಲ್ಲಿ ಓಹಾಯೋದ ಡೇಟನ್‌ನಲ್ಲಿ ಪೊಲೀಸರು ಅರ್ಧ ನಿಮಿಷದಲ್ಲೇ ದಾಳಿಕೋರನನ್ನು ಹೊಡೆದುರುಳಿಸಿದರು. ಅಷ್ಟರಲ್ಲೇ 100 ಗುಂಡಿನ ಡ್ರಮ್ ಇದ್ದ ಬಂದೂಕಿನಿಂದ ಅವನು 41 ಗುಂಡು ಹಾರಿಸಿ ಒಂಬತ್ತು ಜನರನ್ನು ಕೊಂದಿದ್ದ. ಮ್ಯಾಗಜಿನ್ ಬದಲಿಸುವ ಆ ಕೆಲವು ಸೆಕೆಂಡುಗಳಲ್ಲಿ ಓಡಿ ತಪ್ಪಿಸಿಕೊಳ್ಳಬಹುದು ಅಥವಾ ಮೇಲೆರಗಿ ಹಿಡಿಯಬಹುದು ಎಂಬುದೇ ಮಿತಿ ಬೇಕೆನ್ನುವವರ ಮುಖ್ಯ ವಾದ.

ಹೇಳಿಕೆ 3: ‘ನಿಷೇಧಿಸಿದರೆ ಹತ್ಯಾಕಾಂಡ ನಿಲ್ಲುತ್ತದೆ’

ಇದೂ ಉತ್ಪ್ರೇಕ್ಷೆ. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಮಂದಿಯನ್ನು ಕೊಂದವನ ಬಳಿ ಇದ್ದುದು 10 ಮತ್ತು 15 ಗುಂಡಿನ ಹಲವಾರು ಮ್ಯಾಗಜಿನ್‌ಗಳು. 10ರ ಮಿತಿ ಇದ್ದಿದ್ದರೂ ಅಲ್ಲಿ ಹೆಚ್ಚಿನ ವ್ಯತ್ಯಾಸ ಆಗುತ್ತಿರಲಿಲ್ಲ ಎಂದು ತನಿಖಾ ಸಮಿತಿ ಹೇಳಿತು. ಇನ್ನೊಂದು ಅಂಶ: 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು ಸುಮಾರು 48,800 ಮಂದಿ. ಇವರಲ್ಲಿ ಅರ್ಧಕ್ಕೂ ಹೆಚ್ಚು ಆತ್ಮಹತ್ಯೆಗಳು. ಆ ಸಾವುಗಳಿಗೂ ಮ್ಯಾಗಜಿನ್ ಗಾತ್ರಕ್ಕೂ ಸಂಬಂಧವಿಲ್ಲ.

ಹಾಗಾದರೆ ಅಧ್ಯಯನಗಳು ಏನು ಹೇಳುತ್ತವೆ?

1990ರಿಂದ 2017ರವರೆಗಿನ ದಾಳಿಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮಿತಿ ಇಲ್ಲದ ರಾಜ್ಯಗಳಲ್ಲಿ ಹೆಚ್ಚು ಸಾವಿನ ದಾಳಿಗಳು ಹೆಚ್ಚಾಗಿ ನಡೆದಿವೆ ಎಂದು ಕಂಡುಕೊಂಡಿತು. ಬಂದೂಕು ಕಾನೂನುಗಳ ಅಧ್ಯಯನಗಳನ್ನು ಒರೆಗೆ ಹಚ್ಚುವ ರ‍್ಯಾಂಡ್ ಸಂಸ್ಥೆಯ ಪ್ರಕಾರ, ಇಂತಹ ಮಿತಿಯಿಂದ ಸಾಮೂಹಿಕ ದಾಳಿಗಳು ಕಡಿಮೆಯಾಗುತ್ತವೆ ಎನ್ನಲು ‘ಸೀಮಿತ ಪುರಾವೆ’ ಇದೆ. ಸೀಮಿತ ಎಂದರೆ ಶೂನ್ಯವಲ್ಲ, ಖಚಿತವೂ ಅಲ್ಲ. ಇಂತಹ ದಾಳಿಗಳು ಸಂಖ್ಯೆಯಲ್ಲಿ ಕಡಿಮೆ ಇರುವುದರಿಂದ ಲೆಕ್ಕದಲ್ಲಿ ಗಟ್ಟಿ ತೀರ್ಮಾನಕ್ಕೆ ಬರುವುದು ಕಷ್ಟ.

ಮಾಧ್ಯಮಗಳೂ ಲೆಕ್ಕ ಹಾಕಿವೆ. ವರ್ಜೀನಿಯಾದಲ್ಲಿ ಪೊಲೀಸರು ವಶಪಡಿಸಿಕೊಂಡ ಬಂದೂಕುಗಳ ದಾಖಲೆಯನ್ನು ‘ವಾಷಿಂಗ್ಟನ್ ಪೋಸ್ಟ್’ ಪರಿಶೀಲಿಸಿತು. ದೊಡ್ಡ ಮ್ಯಾಗಜಿನ್ ಇದ್ದ ಬಂದೂಕುಗಳ ಪಾಲು 2004ರಲ್ಲಿ ಸುಮಾರು ಶೇ. 10ಕ್ಕೆ ಇಳಿದಿತ್ತು, ಕಾನೂನು ಕೊನೆಗೊಂಡ ಮೇಲೆ, 2010ರ ಹೊತ್ತಿಗೆ ಸುಮಾರು ಶೇ. 20ಕ್ಕೆ ಏರಿತ್ತು. ಆದರೆ ಇದು ಒಂದೇ ರಾಜ್ಯದ ಲೆಕ್ಕ. ಮೇಲಾಗಿ ಇದು ಸಿಕ್ಕಿಬಿದ್ದ ಬಂದೂಕುಗಳ ಲೆಕ್ಕವೇ ಹೊರತು ಸಾವಿನ ಲೆಕ್ಕವಲ್ಲ.

ಈಗ ವಿಷಯ ಎಲ್ಲಿದೆ?

ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಬಲಿಯಾದ ಕೆಲವೇ ತಿಂಗಳಲ್ಲಿ, 2013ರ ಏಪ್ರಿಲ್‌ನಲ್ಲಿ, ಮ್ಯಾಗಜಿನ್ ಮಿತಿಯ ಪ್ರಸ್ತಾವ ಸೆನೆಟ್‌ನಲ್ಲಿ 46–54 ಮತಗಳಿಂದ ಬಿದ್ದುಹೋಯಿತು. ಆಮೇಲೆ ಹೋರಾಟ ಹೆಚ್ಚಾಗಿ ನಡೆದಿರುವುದು ರಾಜ್ಯಗಳಲ್ಲಿ ಮತ್ತು ಕೋರ್ಟುಗಳಲ್ಲಿ. ಬಂದೂಕು ಕಾನೂನುಗಳು ದೇಶದ ಐತಿಹಾಸಿಕ ಪರಂಪರೆಗೆ ಹೊಂದಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಬಳಿಕ ಮೊಕದ್ದಮೆಗಳು ಹೆಚ್ಚಿದವು. ಕ್ಯಾಲಿಫೋರ್ನಿಯಾದ ಮಿತಿಯನ್ನು ಕೆಳ ನ್ಯಾಯಾಲಯ ರದ್ದು ಮಾಡಿತ್ತು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಫಾರ್ವರ್ಡ್ ಮಾಡುವ ಮುನ್ನ

ಸಂದೇಶದಲ್ಲಿ ಅಂಕಿ ಇದ್ದರೆ ಮೂರು ಪ್ರಶ್ನೆ ಕೇಳಿ. ಇದು ಎಲ್ಲ ಬಂದೂಕು ಸಾವುಗಳ ಲೆಕ್ಕವೋ, ಸಾಮೂಹಿಕ ದಾಳಿಗಳದ್ದು ಮಾತ್ರವೋ? ಯಾವ ರಾಜ್ಯದ್ದು, ಯಾವ ವರ್ಷದ್ದು? ನಿಷೇಧ ಎಂದಿರುವುದು ಮಾರಾಟಕ್ಕೋ, ಇಟ್ಟುಕೊಳ್ಳುವುದಕ್ಕೋ? ಇವಕ್ಕೆ ಉತ್ತರವಿಲ್ಲದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.

ನಮ್ಮ ತೀರ್ಮಾನ: ಮ್ಯಾಗಜಿನ್ ಮಿತಿ ದಾಳಿಗಳನ್ನೆಲ್ಲ ತಡೆಯುತ್ತದೆ ಎಂಬುದು ಉತ್ಪ್ರೇಕ್ಷೆ. ಅದರಿಂದ ಏನೂ ಪ್ರಯೋಜನವಿಲ್ಲ ಎಂಬುದಕ್ಕೆ ಆಧಾರ ಸಾಲದು. ದಾಳಿ ನಡೆದಾಗ ಸಾವಿನ ಸಂಖ್ಯೆ ತಗ್ಗಬಹುದು ಎಂಬುದಕ್ಕೆ ಒಂದಷ್ಟು ಪುರಾವೆ ಇದೆ.