ಕಾವಿನ ಮುಳ್ಳು

ಗದಗದ ನಮ್ಮ ಕಾಕಾನ ಹಳೇ ಮಾರುತಿ 800ಕ್ಕೆ ನಾನೇ ಒಂದು ಟೆಂಪರೇಚರ್ ಗೇಜ್ ಕೂರಿಸಿದೆ. ರೇಡಿಯೇಟರಿನ ಮೇಲಿನ ಹೋಸ್ ಕತ್ತರಿಸಿ, ನಡುವೆ ಅಡಾಪ್ಟರ್ ಇಟ್ಟು, ಅದಕ್ಕೆ ಸೆನ್ಸರ್ ಬಿಗಿಯೋದು. ಎರಡೂ ಕಡೆ ರಬ್ಬರ್ ಇರೋದರಿಂದ ಬೇರೆ ಅರ್ಥ್ ವೈರ್ ಕೊಡಬೇಕು. ಇಲ್ಲಾಂದ್ರೆ ಮುಳ್ಳು ಏಳೋದೇ ಇಲ್ಲ.

"ಗಾಡ್ಯಾಗ ಒಂದು ಮುಳ್ಳು ಐತಲ್ಲೋ, ಇನ್ನೊಂದ್ಯಾಕ?" ಅಂದ ಕಾಕಾ.

ಈ ಚಟ ನೂರು ವರ್ಷ ಹಳೇದು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿಗೆ ಕಾವು ತೋರಿಸೋ ಗೇಜೇ ಇರಲಿಲ್ಲ. 1910ರ ದಶಕದಲ್ಲಿ ಅಮೆರಿಕದ ಜನ ಬಾಯ್ಸ್ ಮೋಟೋಮೀಟರ್ ಕೊಂಡು ಹಾಕಿಸಿಕೊಳ್ಳತೊಡಗಿದರು: ರೇಡಿಯೇಟರ್ ಮುಚ್ಚಳದ ಮೇಲೇ ಕೂತ ಥರ್ಮಾಮೀಟರ್, ಡ್ರೈವರ್ ಗಾಜಿನಾಚೆ ಕಣ್ಣು ಹಾಯಿಸಿ ಓದಬೇಕು. ಅದು ಅಳೆಯುತ್ತಿದ್ದದ್ದು ನೀರಿನ ಕಾವನ್ನಲ್ಲ, ನೀರಿನ ಮೇಲಿನ ಆವಿಯದ್ದು. ಆಮೇಲೆ ಗೇಜ್ ಡ್ಯಾಶ್‌ಬೋರ್ಡಿಗೆ ಬಂತು. ಈಗ ಎಷ್ಟೋ ಸಣ್ಣ ಕಾರುಗಳಲ್ಲಿ ಬರೇ ಕೆಂಪು ದೀಪ.

ಮೇ ತಿಂಗಳ ಮಧ್ಯಾಹ್ನ, ಶಿರಹಟ್ಟಿ ಬಿಟ್ಟು ಮುಂಡರಗಿ ಕಡೆ ಹೊರಟಿದ್ವಿ. ನನ್ನ ಮುಳ್ಳು 90ರಿಂದ 60ಕ್ಕೆ ಇಳೀತು. ನನಗೋ ಖುಷಿ. ಕಾಕಾ ಮೂಗು ಅರಳಿಸಿ, "ನಿಲ್ಲಸೋ, ವಾಸನಿ ಬರಾಕತ್ತೈತಿ" ಅಂದ.

ಹೋಸಿನ ಕ್ಲಾಂಪ್ ಸಡಿಲಾಗಿ ನೀರು ಸೋರಿತ್ತು. ಮೇಲಿನ ಹೋಸ್ ಮೊದಲು ಖಾಲಿ. ಸೆನ್ಸರ್ ಗಾಳಿಯಲ್ಲಿ ತಣ್ಣಗೆ ಕೂತಿತ್ತು, ಎಂಜಿನ್ ಹೆಡ್ ಸುಡ್ತಿತ್ತು. ಕ್ಲಾಂಪ್ ಬಿಗಿದವನು ನಾನೇ.

ಪೂರ್ತಿ ಆರೋವರೆಗೂ ಜಾಲಿ ಗಿಡದ ನೆರಳಲ್ಲಿ ಕೂತು, ಆಮೇಲೆ ಕುಡಿಯೋಕೆ ತಂದ ನೀರನ್ನೇ ಹಾಕಿದ್ವಿ.