ದುರ್ಗದ ದಾರಿಗೆ ಬಿದ್ದ ಸೆಕೆಂಡ್ ಹ್ಯಾಂಡ್ ಗಾಡಿ

ಬೆಂಗಳೂರಿನಿಂದ ಪುಣೆಗೆ ಹೋಗುವ ದಾರಿಯೂ ಸೊಲ್ಲಾಪುರದಿಂದ ಮಂಗಳೂರಿಗೆ ಇಳಿಯುವ ದಾರಿಯೂ ಒಂದನ್ನೊಂದು ದಾಟುವುದು ಚಿತ್ರದುರ್ಗದಲ್ಲಿ. ಹಳೆಯ ಲೆಕ್ಕದಲ್ಲಿ ಒಂದು ನಾಲ್ಕನೇ ನಂಬರಿನ ರಾಷ್ಟ್ರೀಯ ಹೆದ್ದಾರಿ, ಇನ್ನೊಂದು ಹದಿಮೂರನೆಯದು. ಬೆಂಗಳೂರಿನ ಕಡೆಗೆ ನಲವತ್ತು ಕಿಲೋಮೀಟರ್ ಬಂದರೆ ಹಿರಿಯೂರು. ಅಲ್ಲಿಂದ ಚಳ್ಳಕೆರೆ, ಬಳ್ಳಾರಿಗೆ ಒಂದು ಕವಲು, ಹುಳಿಯಾರಿನ ಕಡೆಗೆ ಮತ್ತೊಂದು. ಪಶ್ಚಿಮಕ್ಕೆ ಹೊಳಲ್ಕೆರೆ, ಅದರಾಚೆ ಶಿವಮೊಗ್ಗ, ಮಲೆನಾಡು. ತೆಂಗಿನ ಸೀಮೆಯಾದ ಹೊಸದುರ್ಗದ ಜನಕ್ಕೆ ವ್ಯಾಪಾರವೆಂದರೆ ಅರಸೀಕೆರೆ, ತಿಪಟೂರು. ಹೀಗೆ ಯಾವ ದಿಕ್ಕಿಗೆ ಹೊರಟರೂ ದೂರದ ಪ್ರಯಾಣವೇ ಆಗುವ ಈ ಸೀಮೆಯಲ್ಲಿ, ಹಳೆ ಕಾರು ಕೊಳ್ಳುವವರು ಕೇಳುತ್ತ ಬಂದಿರುವ ಪ್ರಶ್ನೆ ಒಂದೇ: ಗಾಡಿ ದಾರಿ ತಡೆಯುತ್ತದೆಯೇ?

ಪ್ರಶ್ನೆ ಹಳೆಯದು. ಅದಕ್ಕೆ ಉತ್ತರ ಹುಡುಕುವ ಬಗೆ ಮಾತ್ರ ರಸ್ತೆ ಬದಲಾದಂತೆಲ್ಲ ಬದಲಾಗಬೇಕಿತ್ತು. ಅದು ಪೂರ್ತಿ ಬದಲಾಗಿಲ್ಲ ಎಂಬುದೇ ಇಂದಿನ ಚಿಂತೆ.

ಸೆಕೆಂಡ್ ಹ್ಯಾಂಡ್ ವಾಹನಗಳ ಮೊದಲ ದೊಡ್ಡ ಅಲೆ ಈ ದೇಶದ ರಸ್ತೆಗಳಿಗೆ ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಸೈನ್ಯ ಬಿಟ್ಟುಹೋದ ಜೀಪು, ಲಾರಿಗಳನ್ನು ಸರ್ಕಾರ ಹರಾಜು ಹಾಕಿತು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಿಂದ ಬಸ್ಸು ಓಡಿಸಿದ್ದ ಖಾಸಗಿ ಮಾಲೀಕರಿಗೆ ಅದೊಂದು ವರವಾಯಿತು. ಮಿಲಿಟರಿ ಲಾರಿಯ ಚಾಸಿಸ್ ಮೇಲೆ ಮರದ ಬಾಡಿ ಕಟ್ಟಿದರೆ ಬಸ್ಸು ಸಿದ್ಧ. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ ತನ್ನದೇ ರಸ್ತೆ ಸಾರಿಗೆ ಇಲಾಖೆಯನ್ನು ತೆರೆದರೂ ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ಖಾಸಗಿ ಬಸ್ಸುಗಳ ಓಡಾಟ ನಿಲ್ಲಲಿಲ್ಲ. ಆ ಬಸ್ಸು ಲಾರಿಗಳ ಕೆಳಗೆ ಮಲಗಿ ಸ್ಪ್ಯಾನರ್ ಹಿಡಿದು ಕಲಿತ ಕೈಗಳೇ ಮುಂದೆ ಕಾರುಗಳಿಗೂ ಮೇಸ್ತ್ರಿಗಳಾದವು.

ಕಾರಿನ ಕಾಲ ಬಂದಾಗ ಆಯ್ಕೆ ಹೆಚ್ಚಿರಲಿಲ್ಲ. ಉತ್ತರಪಾರಾದಿಂದ 1957ರಲ್ಲಿ ಹೊರಟ ಅಂಬಾಸಿಡರ್, ಬೊಂಬಾಯಿಯ ಫಿಯೆಟ್ 1100 (1974ರಿಂದ ಅದರ ಹೆಸರು ಪದ್ಮಿನಿ), ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಲೈಸೆನ್ಸ್ ರಾಜ್ಯದಲ್ಲಿ ಎಷ್ಟು ಕಾರು ತಯಾರಾಗಬೇಕು, ಏನು ಬೆಲೆಗೆ ಮಾರಬೇಕು ಎಂಬುದೆಲ್ಲ ಸರ್ಕಾರದ ಅಂಕೆಯಲ್ಲಿತ್ತು. ಹೊಸ ಕಾರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿದ್ದ ಕಾರಣ, ಸ್ವಲ್ಪ ಓಡಿದ ಫಿಯೆಟ್ಟಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಬರುತ್ತಿದ್ದ ಕಾಲವದು. ಡಾಕ್ಟರು, ವಕೀಲರು, ಅಡಿಕೆ ಮಂಡಿಯವರು ಓಡಿಸಿ ಬಿಟ್ಟ ಗಾಡಿ ಎರಡನೆಯವರ ಕೈಗೆ, ಮೂರನೆಯವರ ಕೈಗೆ ದಾಟಿ ಕೊನೆಗೆ ಬಾಡಿಗೆ ಕಾರಾಗಿ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿತ್ತು. ಅಷ್ಟು ಹೊತ್ತಿಗೆ ಇಂಜಿನ್ನಿನ ಸವೆದ ಸಿಲಿಂಡರನ್ನು ಒಂದೆರಡು ಸಲವಾದರೂ ಕೊರೆಸಿ ಬೋರ್ ಮಾಡಿಸಿರುತ್ತಿದ್ದರು.

ಅಂಥ ಗಾಡಿಯನ್ನು ಕೊಂಡು ಬಯಲಿಗೆ ಬಿಟ್ಟರೆ ಮೊದಲ ಪರೀಕ್ಷೆ ನೀರಿನದು. ಹಿರಿಯೂರು, ಚಳ್ಳಕೆರೆ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನವು. ಆದಿವಾಲ, ಐಮಂಗಲದ ಬಯಲಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಎದುರು ಗಾಳಿಯೂ ಬಿಸಿ, ಕೆಳಗಿನ ಟಾರೂ ಬಿಸಿ. ಬೆಲ್ಟಿನಿಂದ ತಿರುಗುವ ಫ್ಯಾನು, ತಾಮ್ರ ಹಿತ್ತಾಳೆಯ ರೇಡಿಯೇಟರ್, ಒಳಗೆ ಬರೀ ನೀರು. ಆ ನೀರಾದರೂ ಎಂಥದು? ಈ ಜಿಲ್ಲೆಯ ಕೊಳವೆಬಾವಿಗಳ ನೀರು ಬಹುತೇಕ ಗಡಸು. ಕಾದಷ್ಟೂ ಅದರ ಸುಣ್ಣದಂಶ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ನೀರು ತುಂಬಿದೆ, ಆದರೆ ಅರ್ಧ ಕೊಳವೆಗಳಲ್ಲಿ ಅದು ಹರಿಯುವುದೇ ಇಲ್ಲ. ಅದಕ್ಕಾಗಿಯೇ ಹಳೆ ಕಾರು ಕೊಂಡ ಮೇಲೆ ದೂರ ಹೊರಡುವ ಮುಂಚೆ ರೇಡಿಯೇಟರ್ ಬಿಚ್ಚಿಸಿ, ತಲೆಭಾಗದ ಬೆಸುಗೆ ತೆಗೆದು, ಕೊಳವೆಗಳಲ್ಲಿ ತೆಳು ಕಡ್ಡಿ ಆಡಿಸಿ ಶುದ್ಧ ಮಾಡಿಸಿ, ಮತ್ತೆ ಬೆಸುಗೆ ಹಾಕಿಸುವುದು ವಾಡಿಕೆಯಾಯಿತು. ಡಿಕ್ಕಿಯಲ್ಲಿ ನೀರಿನ ಕ್ಯಾನು ತಪ್ಪುತ್ತಿರಲಿಲ್ಲ. ದಾರಿಯಲ್ಲಿ ಸಣ್ಣಗೆ ಸೋರಿದರೆ ಅಡುಗೆಮನೆಯ ಅರಿಶಿನದ ಪುಡಿಯನ್ನು ರೇಡಿಯೇಟರಿಗೇ ಸುರಿಯುತ್ತಿದ್ದರು. ಪುಡಿ ಉಬ್ಬಿ ಬಿರುಕಿನಲ್ಲಿ ಕೂತು ಊರು ಸೇರುವ ತನಕ ತಡೆಯುತ್ತಿತ್ತು. ಪೆಟ್ರೋಲ್ ಟ್ಯಾಂಕಿನ ಸೋರಿಕೆಗೆ ಬಟ್ಟೆ ಸೋಪು ತಿಕ್ಕುತ್ತಿದ್ದರು.

ಬಿಸಿಲಿನ ಇನ್ನೊಂದು ಕಾಟ ಕಣ್ಣಿಗೆ ಕಾಣದ್ದು. ಇಂಜಿನ್ನಿಗೆ ಅಂಟಿಕೊಂಡ ಪೆಟ್ರೋಲ್ ಪಂಪು ಕಾದು ಒಳಗಿನ ಪೆಟ್ರೋಲು ಆವಿಯಾಗಿಬಿಡುತ್ತಿತ್ತು. ಗುಳ್ಳೆ ತುಂಬಿದ ಪಂಪು ಪೆಟ್ರೋಲನ್ನು ಎಳೆಯುವುದಿಲ್ಲ, ಗಾಡಿ ಕೆಮ್ಮಿ ನಿಲ್ಲುತ್ತದೆ. ಬಲ್ಲ ಡ್ರೈವರು ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿ, ಮರದ ನೆರಳಲ್ಲಿ ಕೂತು, ಅದು ತಣಿದ ಮೇಲೆ ಹೊರಡುತ್ತಿದ್ದ. ಅರಿಯದವನು ಕಾರ್ಬುರೇಟರ್ ಬಿಚ್ಚಿ ಹರಡಿಕೊಂಡು ಇಡೀ ದಿನ ಕಳೆಯುತ್ತಿದ್ದ.

ಹಳೆ ಗಾಡಿಯ ಒಳಗನ್ನು ತಿಳಿಯುವ ವಿದ್ಯೆ ಈ ಗ್ಯಾರೇಜುಗಳಲ್ಲಿ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದದ್ದು. ನೋಡಲು ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡುವುದು ಮೊದಲ ಪಾಠ. ಮಾರುವವರು ಮುಂಚೆಯೇ ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಬೆಳಗಿನ ತಣ್ಣನೆ ಇಂಜಿನ್ ಹತ್ತಲು ಎಷ್ಟು ಸತಾಯಿಸುತ್ತದೆ ಎಂಬುದು ತಿಳಿಯುವುದಿಲ್ಲ. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ, ತಲೆಕೆಳಗಾಗಿ ಅದೇ ಬಾಯಿಯ ಮೇಲೆ ಇಡಬೇಕು. ಮುಚ್ಚಳ ಕುಣಿದು ಬಿದ್ದರೆ, ಬಾಯಿಂದ ಹೊಗೆ ಪುಸಪುಸ ಬಂದರೆ, ಬ್ಯಾಕ್ ಕಂಪ್ರೆಷನ್ ಇದೆ, ರಿಂಗು ಸವೆದಿವೆ ಎಂದು ಲೆಕ್ಕ. ಮುಚ್ಚಳದ ಒಳಮೈಗೆ ಹಾಲಿನ ಕೆನೆಯಂಥದ್ದು ಮೆತ್ತಿದ್ದರೆ ನೀರು ಆಯಿಲಿಗೆ ಸೇರುತ್ತಿರಬಹುದು. ಹೆಡ್ ಗ್ಯಾಸ್ಕೆಟ್ ಮೇಲೆ ಗುಮಾನಿ. ಹೊಗೆ ನೀಲಿಯಾದರೆ ಗಾಡಿ ಆಯಿಲ್ ತಿನ್ನುತ್ತಿದೆ. ಮುಂದಿನ ಚಕ್ರವನ್ನು ಜಾಕಿನ ಮೇಲೆತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿದರೆ ಬೇರಿಂಗು, ಕಿಂಗ್ ಪಿನ್ನಿನ ಸವೆತ ಅಂಗೈಗೇ ಗೊತ್ತಾಗುತ್ತದೆ. ಅಂಬಾಸಿಡರು, ಫಿಯೆಟ್ಟುಗಳ ಮುಂಭಾಗಕ್ಕೆ ಆಗಾಗ ಗ್ರೀಸ್ ಹೊಡೆಯಲೇಬೇಕಿತ್ತು. ಹಿಂದಿನ ಮಾಲೀಕ ಗ್ರೀಸ್ ಹೊಡೆಸಿದ್ದಾನೋ ಇಲ್ಲವೋ ಎಂಬುದನ್ನು ಸ್ಟೀರಿಂಗಿನ ಬಿಗಿತವೇ ಹೇಳುತ್ತಿತ್ತು.

ಆಗಷ್ಟೇ ಬೋರ್ ಮಾಡಿಸಿದ ಗಾಡಿಯ ಬಗ್ಗೆ ಮೇಸ್ತ್ರಿಗಳು ಬಹಳ ಎಚ್ಚರ ಹೇಳುತ್ತಿದ್ದರು. ಹೊಸ ಪಿಸ್ಟನ್ನು, ಹೊಸ ರಿಂಗು ಸಿಲಿಂಡರಿನ ಗೋಡೆಗೆ ಒಗ್ಗುವ ತನಕ ನಿಧಾನವಾಗಿ ಓಡಿಸಬೇಕು. ಹುರುಪಿನಿಂದ ಒಂದೇ ಉಸಿರಿಗೆ ಬೆಂಗಳೂರಿಗೆ ಹೊಡೆದರೆ ಇಂಜಿನ್ ಸೀಜ್ ಆಗುವ ಅಪಾಯವಿತ್ತು. ಹೊಳಲ್ಕೆರೆಯ ಮಾರ್ಗವಾಗಿ ಶಿವಮೊಗ್ಗ ದಾಟಿ ಕರಾವಳಿಗೆ ಇಳಿಯುವವರ ಚಿಂತೆ ಬೇರೆ. ಹಳೆಯ ಅಂಬಾಸಿಡರಿನ ನಾಲ್ಕೂ ಚಕ್ರಕ್ಕೆ ಇದ್ದದ್ದು ಡ್ರಮ್ ಬ್ರೇಕು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಡ್ರಮ್ಮು ಕಾದು ಹಿಡಿತವೇ ತಪ್ಪುತ್ತದೆ. ಹತ್ತಿದ ಗೇರಿನಲ್ಲೇ ಇಳಿ ಎಂಬ ಡ್ರೈವರುಗಳ ಮಾತು ಹುಟ್ಟಿದ್ದು ಅಂಥ ಅನುಭವದಿಂದ, ಮತ್ತು ಅದು ಇಂದಿನ ಕಾರಿಗೂ ಸರಿಯೇ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಮೊದಲ ಬೆಲೆ 47,500 ರೂಪಾಯಿ. ಹತ್ತು ಹದಿನೈದು ವರ್ಷ ಕಳೆದು ಅವು ಎರಡನೇ ಕೈಗೆ ಬಂದಾಗ, ಕಾರು ಎಂಬುದು ಮೊದಲ ಬಾರಿಗೆ ಮೇಷ್ಟ್ರ ಮನೆಗೂ ಸಣ್ಣ ಅಂಗಡಿಯವರ ಮನೆಗೂ ಬಂತು. ಇದು ದೊಡ್ಡ ಬದಲಾವಣೆ. ಕಾರಿನ ಇತಿಹಾಸದಲ್ಲಿ ಹೊಸ ಕಾರಿನ ಬಿಡುಗಡೆಗಳಷ್ಟೇ ದಾಖಲಾಗುತ್ತವೆ, ಆದರೆ ಜಿಲ್ಲೆಯ ಊರುಗಳಿಗೆ ಕಾರು ತಲುಪಿಸಿದ್ದು ಈ ಎರಡನೇ ಮಾರಾಟವೇ. 1998ರ ಕೊನೆಯಲ್ಲಿ ಬಂದ ಟಾಟಾ ಇಂಡಿಕಾದ ಡೀಸೆಲ್ ಗಾಡಿಗಳು ಟ್ಯಾಕ್ಸಿಯಾಗಿ ದುಡಿದು, ಆಮೇಲೆ ಕುಟುಂಬಗಳ ಕೈಸೇರಿದವು.

ಇಲ್ಲೇ ಹಳೆಯ ವಿದ್ಯೆಗೆ ಮೊದಲ ಪೆಟ್ಟು ಬಿದ್ದದ್ದು. ಅಂಬಾಸಿಡರಿನ ಒಳಗೆ ವಾಲ್ವುಗಳ ಹೊತ್ತನ್ನು ಕಾಯುತ್ತಿದ್ದುದು ಚೈನು. ಸವೆದರೆ ಅದು ಮೊದಲೇ ಗಲಗಲ ಸದ್ದು ಮಾಡಿ ತಿಳಿಸುತ್ತದೆ. ಮಾರುತಿ, ಇಂಡಿಕಾಗಳಲ್ಲಿ ಆ ಕೆಲಸ ಮಾಡುವುದು ರಬ್ಬರಿನ ಟೈಮಿಂಗ್ ಬೆಲ್ಟು. ಅದು ಬಹುಮಟ್ಟಿಗೆ ಸದ್ದಿಲ್ಲದೆ ಹಳತಾಗಿ, ಒಂದು ದಿನ ಓಡುತ್ತಿರುವಾಗಲೇ ಹರಿಯುತ್ತದೆ. ಎಷ್ಟೋ ಇಂಜಿನ್ನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಬೆಲ್ಟ್ ಯಾವಾಗ ಬದಲಾಯಿಸಿದ್ದು ಎಂಬುದಕ್ಕೆ ಬಿಲ್ಲು ಇಲ್ಲದಿದ್ದರೆ, ಬದಲಾಯಿಸಿಯೇ ಇಲ್ಲ ಎಂದುಕೊಂಡು ಹೊಸದು ಹಾಕಿಸಿ ಹೊರಡುವುದೇ ಸರಿ. ರೇಡಿಯೇಟರಿನ ಕಥೆಯೂ ಹಾಗೆಯೇ. ಈಗಿನದು ಅಲ್ಯುಮಿನಿಯಂ, ಅದರ ಟ್ಯಾಂಕು ಪ್ಲಾಸ್ಟಿಕ್ಕು. ಹಳೆಯ ಬೆಸುಗೆ ಅದಕ್ಕೆ ಹಿಡಿಯದು. ಅದಕ್ಕೆ ಬೋರಿನ ನೀರನ್ನಲ್ಲ, ಕೂಲೆಂಟನ್ನು ಹಾಕಬೇಕು. ಬಿಸಿಲಿನ ಸೀಮೆಯೆಂದು ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಬಿಸಾಡುವ ಹಳೆ ಅಭ್ಯಾಸ ಈಗಿನ ಇಂಜಿನ್ನಿಗೆ ಹಿತವಲ್ಲ. ಫ್ಯಾನು ಕರೆಂಟಿನದು. ಅದು ಕೆಟ್ಟಿದ್ದರೂ ಹೆದ್ದಾರಿಯ ಗಾಳಿಗೆ ಗಾಡಿ ತಣ್ಣಗೇ ಇರುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿಂತಾಗ ಕಾಯುತ್ತದೆ. ಆದ್ದರಿಂದ ಮನೆ ಮುಂದೆಯೇ ಎಸಿ ಹಾಕಿ, ಇಂಜಿನ್ ಓಡುತ್ತ ಬಿಟ್ಟು, ಫ್ಯಾನು ತಿರುಗುವುದನ್ನು ಕಣ್ಣಾರೆ ನೋಡಬೇಕು.

ಎರಡನೇ ಪೆಟ್ಟು ರಸ್ತೆಯಿಂದಲೇ ಬಂತು. 1999ರ ಜನವರಿಯಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ರಾಷ್ಟ್ರೀಯ ಹೆದ್ದಾರಿ ಅಭಿವೃದ್ಧಿ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ಆ ಯೋಜನೆಯ ಸುವರ್ಣ ಚತುಷ್ಪಥದ ಚೆನ್ನೈ–ಮುಂಬೈ ಭುಜ ಹಾದುಹೋದದ್ದು ಹಿರಿಯೂರು, ಚಿತ್ರದುರ್ಗದ ಮೇಲೆಯೇ. ಎದುರು ಲಾರಿ ಬಂದಾಗ ಮಣ್ಣಿಗಿಳಿಯುತ್ತ, ಊರೂರಿಗೂ ನಿಧಾನಿಸುತ್ತ ಸಾಗುತ್ತಿದ್ದ ಗಾಡಿಗಳು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡತೊಡಗಿದವು. ಹಳೆ ದಾರಿಯಲ್ಲಿ ಕೆಟ್ಟ ಗಾಡಿ ನಿಂತುಬಿಡುತ್ತಿತ್ತು. ಹೊಸ ದಾರಿಯಲ್ಲಿ ಅದು ನಿಲ್ಲುವ ಮುಂಚೆ ಉರುಳಬಹುದು.

ಇದಕ್ಕೆ ಮುಖ್ಯ ಕಾರಣ ಟೈರು. ಗಾಳಿ ಕಡಿಮೆಯಿರುವ ಟೈರು ಪ್ರತಿ ಸುತ್ತಿನಲ್ಲೂ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಕಾಯುತ್ತದೆ; ಜೊತೆಗೆ ತುಂಬಿದ ಗಾಡಿ, ಮಧ್ಯಾಹ್ನದ ಕಾದ ರಸ್ತೆ, ನೂರರ ವೇಗ ಸೇರಿದರೆ ಹಳೆ ರಬ್ಬರು ಸಿಡಿಯುತ್ತದೆ. ಮನೆಯಲ್ಲಿ ನಿಂತೇ ಇದ್ದ ಕಾರು ಎಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರಲ್ಲ, ಅಲ್ಲಿಯೇ ಹೆಚ್ಚು ಹುಷಾರಾಗಿರಬೇಕು. ಅದರ ಟೈರಿನ ಟ್ರೆಡ್ಡು ಸವೆದಿರುವುದಿಲ್ಲ, ನೋಡಲು ಹೊಸತು. ಆದರೆ ರಬ್ಬರಿಗೆ ವಯಸ್ಸಾಗಿರುತ್ತದೆ. ವಯಸ್ಸು ತಿಳಿಯಲು ಟೈರಿನ ಪಕ್ಕದ ಗೋಡೆಯ ಮೇಲೆ ಒಂದು ಸಣ್ಣ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. 2317 ಎಂದಿದ್ದರೆ ಅದು 2017ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಕೆಲವೊಮ್ಮೆ ಅಂಕಿ ಒಳಮಗ್ಗುಲಿಗೆ ಬಂದಿರುತ್ತದೆ, ಬಗ್ಗಿ ಟಾರ್ಚು ಹಾಕಿಯಾದರೂ ಓದಬೇಕು. ಸ್ಟೆಪ್ನಿಯದನ್ನೂ ಓದಬೇಕು, ಬಹಳ ಕಾರುಗಳಲ್ಲಿ ಅದು ಕಾರಿನಷ್ಟೇ ಹಳೆಯದು. ಕಾರಿನ ಟೈರಿನ ಟ್ರೆಡ್ಡಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದು ಎಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಹೊರಡುವ ಮುಂಚೆ ನೀರು, ಆಯಿಲ್ ನೋಡಿ ತೃಪ್ತರಾಗುವ ಮನೆಗಳಲ್ಲಿ ಈ ನಾಲ್ಕು ಅಂಕಿಯನ್ನು ಓದುವವರು ಇನ್ನೂ ಕಡಿಮೆ. ಅಜ್ಜ ಕಲಿಸಿದ್ದು ಉಳಿಯಿತು, ರಸ್ತೆ ಕಲಿಸಬೇಕಾದದ್ದು ಇನ್ನೂ ಬರಲಿಲ್ಲ.

ಕಾಗದದ ಪಾಲೂ ಈ ಚರಿತ್ರೆಯಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂತು. ಕೆಎ-16 ಎಂಬ ದುರ್ಗದ ಗುರುತು ಆ ಹೊಸ ವ್ಯವಸ್ಥೆಯದು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲಿನಿಂದ ಆ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಕೊಂಡವರು ಹದಿನಾಲ್ಕು ದಿನದೊಳಗೆ ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ದುಡ್ಡು ಕೊಟ್ಟ ವಾರವೇ ಧರ್ಮಸ್ಥಳಕ್ಕೋ ತಿರುಪತಿಗೋ ಹೊರಟುಬಿಡುವವರು ಮರೆಯುವುದು ಇದನ್ನೇ. ದಾರಿಯಲ್ಲಿ ಪೆಟ್ಟಾದರೆ ಗಾಡಿಯ ರಿಪೇರಿ ಹಣಕ್ಕೆ ಆಗ ತಕರಾರು ಏಳುತ್ತದೆ. ಹಳೆ ವಾಹನ ಮಾರುವ ವ್ಯಾಪಾರಿಗಳಿಗೆ ಆರ್‌ಟಿಓದ ಅಧಿಕೃತ ಪತ್ರ ಬೇಕೆಂಬ ನಿಯಮ 2023ರ ಏಪ್ರಿಲಿನಲ್ಲಿ ಬಂತು. ಬ್ರೋಕರುಗಳ ಮಾತಿನ ಮೇಲೆ ನಡೆದುಬಂದ ಈ ವ್ಯಾಪಾರಕ್ಕೆ ಅದು ತಡವಾಗಿ ಬಂದ ಕಟ್ಟಳೆ, ಆದರೆ ಬೇಕಿದ್ದದ್ದು.

ಕೊಂಡ ಗಾಡಿಯನ್ನು ಮೊದಲು ಹತ್ತಿರದ ದೇವರ ಬಳಿಗೆ ಒಯ್ಯುವ ಪದ್ಧತಿ ಈ ಸೀಮೆಯಲ್ಲಿ ಗಟ್ಟಿಯಾಗಿದೆ. ಕೆಲವರಿಗೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ, ಕೆಲವರಿಗೆ ಹೊಳಲ್ಕೆರೆಯ ಬಯಲು ಗಣಪತಿ, ಹಿರಿಯೂರಿನವರಿಗೆ ತೇರುಮಲ್ಲೇಶ್ವರ. ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ, ಹೂವಿನ ಹಾರ. ಭಕ್ತಿಯ ಮಾತು ಹಾಗಿರಲಿ, ದೂರ ಪ್ರಯಾಣಕ್ಕೆ ಮುಂಚೆ ಒಂದು ಸಣ್ಣ ಓಟ ಆಗಲೇಬೇಕೆಂಬುದನ್ನು ಈ ಪದ್ಧತಿ ತಾನಾಗಿ ಮಾಡಿಸಿಬಿಡುತ್ತದೆ. ಹೋಗಿ ಬಂದ ಸಂಜೆ ಗಾಡಿಯ ಕೆಳಗೆ ಹಳೆ ಪೇಪರು ಹಾಸಿ ರಾತ್ರಿಯಿಡೀ ನಿಲ್ಲಿಸಬೇಕು. ಬೆಳಿಗ್ಗೆ ಪೇಪರಿನ ಮೇಲೆ ಕಪ್ಪು ಕಲೆ ಇದ್ದರೆ ಇಂಜಿನ್ ಆಯಿಲ್, ಹಸಿರೋ ಕೆಂಪೋ ಇದ್ದರೆ ಬಹುಶಃ ಕೂಲೆಂಟು, ಚಕ್ರದ ಒಳಮಗ್ಗುಲಿನ ಹತ್ತಿರ ಜಿಡ್ಡು ಕಂಡರೆ ಬ್ರೇಕ್ ಆಯಿಲ್ ಸೋರಿಕೆಯ ಗುಮಾನಿ; ಆಗ ಪ್ರಯಾಣ ಮುಂದಕ್ಕೆ. ಏನೂ ಇಲ್ಲದಿದ್ದರೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ತಣ್ಣಗಿರುವಾಗಲೇ ಗಾಳಿ ಅಳೆಸಿ, ಜಾಕು ಮತ್ತು ಸ್ಪ್ಯಾನರು ಡಿಕ್ಕಿಯಲ್ಲಿರುವುದನ್ನು ನೋಡಿಕೊಂಡು ಹೊರಡಬಹುದು. ಹೆದ್ದಾರಿಯಲ್ಲಿ ಗಾಡಿ ಕೈಕೊಟ್ಟರೆ ಕರೆಯಬೇಕಾದ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ನಂಬರು 1033.